ನಾಯಿಯ ಮುಖ ಊದಿಕೊಂಡರೆ ಮೊದಲು ಏನು ಮಾಡಬೇಕು?

ಚಂದ್ರಾ ಲೇಔಟ್‌ನ ನಮ್ಮ ಬೀದಿಯಲ್ಲಿ ಶೇರು ಎಂಬ ನಾಯಿ ಇದೆ. ನಮ್ಮ ಮನೆಯಲ್ಲಿ ನಾಯಿಯನ್ನು ಒಳಗೆ ಬಿಡುವುದಿಲ್ಲ. ಆದರೆ ಅಮ್ಮಿ ದಿನವೂ ಗೇಟಿನ ಹೊರಗೆ ಅದಕ್ಕೆ ನೀರು ಇಡುತ್ತಾರೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಶೇರುವಿನ ಮೂತಿ ಊದಿ, ಬಲಗಣ್ಣು ಮುಚ್ಚಿಹೋಗಿತ್ತು. ನಾನು ಗಾಬರಿಯಿಂದ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬ್ರೆಡ್ಡಿನೊಳಗೆ ಇಟ್ಟೆ. ‘ಪೂಛ್ ಕೋ ದೇ’, ಕೇಳಿ ಕೊಡು ಎಂದರು ಅಮ್ಮಿ. ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಹೇಳಿದ ಮೊದಲ ಮಾತೇ, ‘ಆ ಮಾತ್ರೆ ಬೇಡ.’

ನಮಗೆ ಜ್ವರ ಇಳಿಸುವ ಪ್ಯಾರಾಸಿಟಮಾಲ್ ನಾಯಿಯ ಯಕೃತ್ತು ಮತ್ತು ರಕ್ತವನ್ನು ಕೆಡಿಸಬಹುದು. ಐಬುಪ್ರೊಫೆನ್‌ನಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಹಾಳಾಗಬಹುದು.

ಮುಖ ಊದಲು ಕಾರಣ ಒಂದೇ ಅಲ್ಲ. ಜೇನುನೊಣ ಕಚ್ಚಿದರೆ ಕೆಲವು ನಿಮಿಷ ಅಥವಾ ಗಂಟೆಗಳಲ್ಲೇ ಊತ ಬರುತ್ತದೆ. ಕಣ್ಣಿನ ಕೆಳಗೆ ಒಂದೇ ಕಡೆ ಊದಿದ್ದರೆ ಮೇಲಿನ ದವಡೆಯ ಹಲ್ಲಿನ ಬೇರಿನಲ್ಲಿ ಕೀವು ತುಂಬಿರಬಹುದು. ಜಗಳದ ಗಾಯ, ಹಾವಿನ ಕಡಿತವೂ ಕಾರಣವಾಗಬಹುದು.

ಆಸ್ಪತ್ರೆಗೆ ಹೋಗುವ ಮೊದಲು ಇಷ್ಟು ಮಾಡಿ. ಮೊದಲು ಉಸಿರಾಟ ನೋಡಿ. ಕುತ್ತಿಗೆಯ ಪಟ್ಟಿ ಬಿಚ್ಚಿ, ಬಾಯಿ ಕಟ್ಟಬೇಡಿ. ಜೇನಿನ ಮುಳ್ಳು ಕಂಡರೆ ಹಳೆಯ ಕಾರ್ಡಿನ ಅಂಚಿನಿಂದ ಕೆರೆದು ತೆಗೆಯಿರಿ. ನಾಯಿ ಸುಮ್ಮನಿದ್ದರೆ ತಣ್ಣೀರಿನ ಬಟ್ಟೆಯನ್ನು ಊತದ ಮೇಲೆ 5ರಿಂದ 10 ನಿಮಿಷ ಇಡಿ. ಊತವನ್ನು ಹಿಂಡಬೇಡಿ, ಚುಚ್ಚಬೇಡಿ. ಫೋಟೊ ತೆಗೆದು ಸಮಯ ಬರೆದಿಡಿ. ಹಾವು ಕಚ್ಚಿದ ಅನುಮಾನವಿದ್ದರೆ ಐಸ್ ಬೇಡ, ಕೊಯ್ಯುವುದೂ ಬೇಡ. ನಡೆಸದೆ ಎತ್ತಿಕೊಂಡು ಹೋಗಿ.

ಉಸಿರಾಡಲು ಕಷ್ಟ, ಬಿಳಿಚಿದ ಒಸಡು, ಪದೇ ಪದೇ ವಾಂತಿ, ಕುಸಿದು ಬೀಳುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಹೊರಡಿ. ಸರ್ಕಾರಿ ಆಸ್ಪತ್ರೆ ಬೇಕಿದ್ದರೆ ಕ್ವೀನ್ಸ್ ರಸ್ತೆಯಲ್ಲಿದೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೂ ಇದೆ. ನಮ್ಮ ಕಡೆಯಿಂದ ಎರಡೂ ದೂರ, ಆದ್ದರಿಂದ ತುರ್ತು ಇದ್ದರೆ ಹತ್ತಿರದ ಕ್ಲಿನಿಕ್ಕಿಗೇ ಹೋಗಿ.

ನಿಮ್ಮ ಸುರಕ್ಷತೆಯೂ ಮುಖ್ಯ. ಬೀದಿನಾಯಿಯ ಬಾಯಿಂದ ಜೊಲ್ಲು ಸುರಿಯುತ್ತಿದ್ದರೆ, ದವಡೆ ಜೋತುಬಿದ್ದಿದ್ದರೆ ಮುಟ್ಟಬೇಡಿ, ರೇಬೀಸ್ ಇರಬಹುದು. ಕಚ್ಚಿದರೆ ಅಥವಾ ಗಾಯಕ್ಕೆ ಜೊಲ್ಲು ತಾಗಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ವೈದ್ಯರ ಬಳಿ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಶೇರುವಿಗೆ ಕಚ್ಚಿದ್ದು ಜೇನು. ವೈದ್ಯರು ಇಂಜೆಕ್ಷನ್ ಕೊಟ್ಟರು, ಫೀಸನ್ನು ನಾವು ನಾಲ್ವರು ಗೆಳೆಯರು ಹಂಚಿಕೊಂಡೆವು. ಸಂಜೆಗೆ ಅದರ ಕಣ್ಣು ತೆರೆಯಿತು. ಆ ಬ್ರೆಡ್ಡನ್ನು ಕೊಟ್ಟಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಯೋಚಿಸುತ್ತೇನೆ. ನೀವೂ ಕೊಡುವ ಮುಂಚೆ ಒಮ್ಮೆ ಕೇಳಿ.