ಕೈಯಲ್ಲಿ ಚೆಂಡು, ಚೀಲದಲ್ಲಿ ಬೈಬಲ್

ಪಾದ್ರಿಗಳು ಎಂದಕೂಡಲೇ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಬಿಳಿ ನಿಲುವಂಗಿ, ಕೊರಳಲ್ಲಿ ಶಿಲುಬೆ, ಕೈಯಲ್ಲಿ ಬೈಬಲ್, ಅಲ್ಲವೇ? ಮಿಷನ್ ಎಂದರೆ ಶಾಲೆ, ಆಸ್ಪತ್ರೆ, ಅಚ್ಚುಕೂಟ. ಮಂಗಳೂರು, ಧಾರವಾಡದ ಕಡೆಯವರಿಗಂತೂ ಬಾಸೆಲ್ ಮಿಷನ್ನಿನ ಹೆಸರು ಹೊಸದೇನಲ್ಲ. ಆದರೆ ಚಡ್ಡಿ, ಬನಿಯನ್ನು ತೊಟ್ಟು, ಕೊರಳಿಗೆ ಸೀಟಿ ನೇತುಹಾಕಿಕೊಂಡು, ಮೈದಾನದಲ್ಲಿ ಬೆವರು ಸುರಿಸುತ್ತಾ ಧರ್ಮದ ಮಾತು ಹೇಳುವವರೂ ಇದ್ದಾರೆ ಅಂದರೆ ನಂಬುತ್ತೀರಾ? ಅದೂ ಜೀವಮಾನವಿಡೀ ಅಲ್ಲ. ರಜೆಯ ಎರಡು ವಾರ, ಹೆಚ್ಚೆಂದರೆ ಒಂದೆರಡು ತಿಂಗಳು!

ಇದಕ್ಕೆ ಕ್ರೀಡಾ ಸೇವೆ ಎಂದು ಹೆಸರು. ಅಮೆರಿಕ ಮೊದಲಾದ ದೇಶಗಳ ಕ್ರೈಸ್ತ ಕಾಲೇಜುಗಳಿಂದ, ಸಭೆಗಳಿಂದ ಹುಡುಗರೂ ಹುಡುಗಿಯರೂ ಹೀಗೆ ತಂಡ ಕಟ್ಟಿಕೊಂಡು ಹೊರಡುತ್ತಾರೆ. ಇದು ಹೇಗೆ ಶುರುವಾಯಿತು, ಇದರಿಂದ ಯಾರಿಗೆ ಏನು ಸಿಕ್ಕಿತು, ಸ್ವಲ್ಪ ನೋಡೋಣ.

ಬುಟ್ಟಿಯಿಂದ ಹುಟ್ಟಿದ ಆಟ

1844ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ವಿಲಿಯಮ್ಸ್ ಎಂಬ ಯುವಕ, ಬಟ್ಟೆ ಅಂಗಡಿಗಳಲ್ಲಿ ದುಡಿಯುತ್ತಿದ್ದ ತನ್ನಂಥ ಹುಡುಗರನ್ನು ಸೇರಿಸಿಕೊಂಡು ವೈ.ಎಂ.ಸಿ.ಎ. ಸಂಸ್ಥೆಯನ್ನು ಕಟ್ಟಿದ. ಮೊದಮೊದಲು ಅಲ್ಲಿ ಪ್ರಾರ್ಥನೆ, ಬೈಬಲ್ ಪಾಠ ಅಷ್ಟೇ. ಬರಬರುತ್ತಾ, ದೇಹ, ಬುದ್ಧಿ, ಆತ್ಮ ಮೂರೂ ಸೇರಿದರೇ ಮನುಷ್ಯ ಎಂಬ ಯೋಚನೆ ಬಲವಾಗಿ, ವ್ಯಾಯಾಮಶಾಲೆಗಳು ಎದ್ದವು.

ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರಿದ್ದರು. ಕೆನಡಾದವರು, ದೇವತಾಶಾಸ್ತ್ರ ಓದಿದವರು. 1891ರ ಚಳಿಗಾಲ. ಹೊರಗೆ ಹಿಮ, ಒಳಗೆ ಕಸರತ್ತು ಮಾಡಿ ಬೇಸತ್ತ ಹುಡುಗರು. ಹದಿನಾಲ್ಕು ದಿನಗಳಲ್ಲಿ ಒಂದು ಹೊಸ ಆಟ ಹುಡುಕಿಕೊಡಿ ಎಂದರು ಮೇಲಿನವರು. ನೈಸ್ಮಿತ್ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತಡಿ ಎತ್ತರದಲ್ಲಿ ಕಟ್ಟಿಸಿ, ಹದಿಮೂರು ನಿಯಮ ಬರೆದು, ಕಾಲ್ಚೆಂಡೊಂದನ್ನು ಹುಡುಗರ ಕೈಗೆ ಕೊಟ್ಟರು. ಚೆಂಡು ಬುಟ್ಟಿಗೆ ಬಿದ್ದರೆ ಏಣಿ ಹತ್ತಿ ತೆಗೆಯಬೇಕಿತ್ತಂತೆ! ಅದೇ ಇಂದಿನ ಬಾಸ್ಕೆಟ್‌ಬಾಲ್.

ಈ ಗದ್ದಲ ಕೇಳಿ ಹತ್ತಿರದ ಶಾಲೆಯ ಉಪಾಧ್ಯಾಯಿನಿಯರು ಇಣುಕಿ ನೋಡಿದರು. “ನಾವೂ ಯಾಕೆ ಆಡಬಾರದು?” ಎಂದರು. ಉದ್ದ ಲಂಗ ತೊಟ್ಟುಕೊಂಡೇ ಆಡಿದರು. ಅವರಲ್ಲೊಬ್ಬಳು ಮಾಡ್ ಶರ್ಮನ್. 1894ರಲ್ಲಿ ನೈಸ್ಮಿತ್ ಆಕೆಯನ್ನೇ ಮದುವೆಯಾದರು. ಹೆಣ್ಣುಮಕ್ಕಳಿಗೆ ಈ ಆಟ ಯಾರೂ ದಾನ ಕೊಟ್ಟದ್ದಲ್ಲ, ತಾವೇ ಹೋಗಿ ಕೇಳಿ ಪಡೆದದ್ದು.

1895ರಲ್ಲಿ ಇನ್ನೊಬ್ಬ ವೈ.ಎಂ.ಸಿ.ಎ. ಮೇಷ್ಟರು, ವಿಲಿಯಂ ಮಾರ್ಗನ್, ಇಷ್ಟು ಓಡಾಡಲಾರದ ನಡುವಯಸ್ಸಿನವರಿಗೆಂದು ವಾಲಿಬಾಲ್ ರೂಪಿಸಿದರು. ಈ ಎರಡು ಆಟಗಳೂ ವೈ.ಎಂ.ಸಿ.ಎ. ಕಾರ್ಯದರ್ಶಿಗಳ ಪೆಟ್ಟಿಗೆಯಲ್ಲಿ ಚೀನಾ, ಜಪಾನ್, ಫಿಲಿಪ್ಪೀನ್ಸ್‌ಗೆ ಹೋದವು, ನಮ್ಮ ದೇಶಕ್ಕೂ ಬಂದವು. ಅಮೆರಿಕದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆಯನ್ನು ತೆರೆದರು. ಶಾಲೆಯ ಬಯಲಿನಲ್ಲಿ ಬಲೆ ಕಟ್ಟಿ ವಾಲಿಬಾಲ್ ಆಡುವ ನಿಮ್ಮ ಮಗಳ ಆಟದ ಹಿಂದೆ ಇಷ್ಟೆಲ್ಲ ಕಥೆ ಇದೆ ನೋಡಿ.

ಫಾರ್ಮೋಸಾಕ್ಕೆ ಹೊರಟ ತಂಡ

ಇವರೆಲ್ಲ ವರ್ಷಗಟ್ಟಲೆ ನೆಲೆನಿಂತು ದುಡಿದವರು. ರಜೆಯಲ್ಲಿ ಹೋಗಿ ಬರುವ ಪದ್ಧತಿಗೆ ದೊಡ್ಡ ಮೇಲ್ಪಂಕ್ತಿ ಹಾಕಿಕೊಟ್ಟದ್ದು 1952ರ ಬೇಸಿಗೆ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಟೇಲರ್ ಎಂಬ ಚಿಕ್ಕ ಕ್ರೈಸ್ತ ವಿಶ್ವವಿದ್ಯಾಲಯವಿದೆ. ಆಗ ಅಲ್ಲಿನ ಬಾಸ್ಕೆಟ್‌ಬಾಲ್ ತರಬೇತುದಾರರು ಡಾನ್ ಓಡ್ಲ್. ಫಾರ್ಮೋಸಾದಲ್ಲಿ, ಅಂದರೆ ಇಂದಿನ ತೈವಾನಿನಲ್ಲಿ, ಕೆಲಸ ಮಾಡುತ್ತಿದ್ದ ಡಿಕ್ ಹಿಲ್ಲಿಸ್ ಎಂಬ ಮಿಷನರಿ, “ನಿಮ್ಮ ಹುಡುಗರನ್ನು ಕರಕೊಂಡು ಬನ್ನಿ” ಎಂದು ಆಹ್ವಾನ ಕೊಟ್ಟರು.

ಚೀನಾದ ಮುಖ್ಯಭೂಮಿಯನ್ನು ಕಳೆದುಕೊಂಡ ಚಿಯಾಂಗ್ ಕೈ-ಷೇಕ್ 1949ರಲ್ಲಿ ತಮ್ಮ ಸೈನ್ಯದೊಂದಿಗೆ ಆ ದ್ವೀಪ ಸೇರಿದ್ದ ಕಾಲ ಅದು. ಮನೆಮಠ ಬಿಟ್ಟು ಬಂದ ಜನ, ಬೇಸತ್ತ ಸೈನಿಕರು. ಬಾಸ್ಕೆಟ್‌ಬಾಲ್ ಅಂದರೆ ಅವರಿಗೆ ಪ್ರಾಣ. ಓಡ್ಲ್ ತಂಡ ಊರೂರಿಗೆ ಹೋಗಿ ಸ್ಥಳೀಯರೊಂದಿಗೆ ಆಡಿತು. ಆಟದ ಮಧ್ಯದ ಬಿಡುವಿನಲ್ಲಿ ಹುಡುಗರು ಹಾಡಿದರು, ಯೇಸುವಿನ ಬಗ್ಗೆ ಎರಡು ಮಾತು ಹೇಳಿದರು. ಮತ್ತೆ ಸೀಟಿ, ಮತ್ತೆ ಆಟ. ಪ್ರಾರ್ಥನಾ ಮಂದಿರದ ಮೆಟ್ಟಿಲು ಹತ್ತದ ಜನ ಆಟ ನೋಡಲು ಬಂದು ಕಿವಿಗೊಟ್ಟರು.

‘ವೆಂಚರ್ ಫಾರ್ ವಿಕ್ಟರಿ’ ಎಂಬ ಹೆಸರಿನ ಈ ಪ್ರವಾಸ ಮುಂದೆ ಹಲವು ಬೇಸಿಗೆಗಳಲ್ಲಿ ನಡೆಯಿತು. ಅಮೆರಿಕದಲ್ಲಿ 1954ರಲ್ಲಿ ಕ್ರೈಸ್ತ ಕ್ರೀಡಾಪಟುಗಳ ಸಂಘವೊಂದು, 1966ರಲ್ಲಿ ‘ಅಥ್ಲೀಟ್ಸ್ ಇನ್ ಆ್ಯಕ್ಷನ್’ ಹುಟ್ಟಿಕೊಂಡವು. ಈಗ ಇಂಥ ಸಂಸ್ಥೆಗಳು ಬಹಳ.

ಎರಡು ವಾರದ ದಿನಚರಿ

ಹೊರಡುವ ಹುಡುಗ ಹುಡುಗಿಯರಿಗೆ ಸಂಬಳವಿಲ್ಲ. ಹಲವರು ನೆಂಟರಿಷ್ಟರಿಗೆ, ಸಭೆಯವರಿಗೆ ಕಾಗದ ಬರೆದು ತಮ್ಮ ಖರ್ಚನ್ನು ತಾವೇ ಕೂಡಿಸಿಕೊಳ್ಳಬೇಕು. ಸಾಮಾನ್ಯವಾಗಿ ಬೆಳಿಗ್ಗೆ ಮಕ್ಕಳಿಗೆ ಆಟದ ಪಾಠ. ನಡುವೆ ನೀರು ಕುಡಿಯುವ ಹೊತ್ತಿನಲ್ಲಿ ಒಂದು ಬೈಬಲ್ ಕಥೆ. ಸಂಜೆ ಊರಿನ ತಂಡದ ಜೊತೆ ಪಂದ್ಯ, ಆಮೇಲೆ ಆಟಗಾರರೊಬ್ಬರಿಂದ ‘ಸಾಕ್ಷಿ’, ಅಂದರೆ ದೇವರು ತನ್ನ ಬಾಳಿನಲ್ಲಿ ಏನು ಮಾಡಿದ ಎಂಬ ಸ್ವಂತ ಕಥೆ. ಭಾಷೆ ಬಾರದಿದ್ದರೂ ಚೆಂಡು ಎಸೆಯುವುದಕ್ಕೆ ದುಭಾಷಿ ಬೇಕಿಲ್ಲವಲ್ಲ! ಇದೇ ಈ ಸೇವೆಯ ಗುಟ್ಟು.

ಹೋದವರಿಗೋ, ಇದ್ದವರಿಗೋ?

ಇಷ್ಟಾದ ಮೇಲೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಎರಡು ವಾರದಲ್ಲಿ ಏನಾದೀತು? ಇದನ್ನು ಕೇಳುತ್ತಿರುವವರು ಹೊರಗಿನವರಲ್ಲ, ಕ್ರೈಸ್ತರೇ. 2009ರಲ್ಲಿ ಸ್ಟೀವ್ ಕಾರ್ಬೆಟ್ ಮತ್ತು ಬ್ರಯನ್ ಫಿಕರ್ಟ್ ಎಂಬ ಇಬ್ಬರು ಅಮೆರಿಕನ್ನರು, ಸಹಾಯ ಮಾಡಲು ಹೋಗಿ ನೋವುಂಟುಮಾಡುವ ಬಗೆಯನ್ನು ಕುರಿತೇ ಒಂದು ಪುಸ್ತಕ ಬರೆದರು.

ಆಕ್ಷೇಪಗಳು ಸಣ್ಣವಲ್ಲ. ಹತ್ತು ಹನ್ನೆರಡು ಜನರ ವಿಮಾನದ ಟಿಕೆಟ್ಟಿನ ಹಣದಲ್ಲಿ ಆ ಊರಿನವನೇ ಆದ ಒಬ್ಬ ತರಬೇತುದಾರನಿಗೆ ಎಷ್ಟು ತಿಂಗಳು ಸಂಬಳ ಕೊಡಬಹುದಿತ್ತು? ಅಕ್ಕ, ಅಣ್ಣ ಎಂದು ಹಚ್ಚಿಕೊಂಡ ಮಕ್ಕಳು ತಂಡ ಹೊರಟ ದಿನ ಅತ್ತರೆ ಸಮಾಧಾನ ಮಾಡುವವರು ಯಾರು? ಬಂದವರು ಫೋಟೋ ತೆಗೆಸಿಕೊಂಡು, ಮನಸ್ಸು ತುಂಬಿಕೊಂಡು ಹೋಗುತ್ತಾರೆ. ಇದ್ದವರ ಕೈಯಲ್ಲಿ ಗಾಳಿ ಹೋದ ಚೆಂಡು! ಇನ್ನೂ ಒಂದು ಮಾತು. ಆಟದ ಆಸೆ ತೋರಿಸಿ ಎಳೆ ಮಕ್ಕಳಿಗೆ ಧರ್ಮ ಹೇಳುವುದು ಸರಿಯೇ? ತಂದೆತಾಯಿಗೆ ಮೊದಲೇ ಎಲ್ಲವನ್ನೂ ಬಿಚ್ಚಿ ಹೇಳಿದರೆ ಸರಿ, ಮುಚ್ಚಿಟ್ಟರೆ ತಪ್ಪು ಎಂದು ಈ ಸೇವೆಯಲ್ಲಿ ಇರುವ ಪ್ರಾಮಾಣಿಕರೇ ಒಪ್ಪುತ್ತಾರೆ.

ಒಳ್ಳೆಯದೂ ಇಲ್ಲವೆನ್ನಲಾಗದು. ಹೆಂಗಸರು ಬಯಲಿನಲ್ಲಿ ಓಡಿ ಆಡುವುದನ್ನೇ ನೋಡಿರದ ಹುಡುಗಿಗೆ, ಹುಡುಗಿಯರದೇ ತಂಡವೊಂದು ಬಂದು ಆಡಿದರೆ ಅದೇ ಒಂದು ಪಾಠ. ಊರಿನ ಶಾಲೆಯೋ ಸಭೆಯೋ ಕರೆದು, ವರ್ಷವಿಡೀ ನಡೆಯುವ ಕೆಲಸಕ್ಕೆ ಕೈಜೋಡಿಸಿ ಎಂದರೆ, ಎರಡು ವಾರವೂ ವ್ಯರ್ಥವಾಗದು. 1952ರ ತಂಡವನ್ನೂ ಅಲ್ಲೇ ಇದ್ದವರೊಬ್ಬರು ಕರೆಸಿದ್ದರು ಎಂಬುದನ್ನು ಮರೆಯಬೇಡಿ.

ಬೂಟು ಕೊಟ್ಟು ಹೋದ ಓಟಗಾರ

ಉಳಿದು ದುಡಿಯುವುದೆಂದರೇನು ಎಂದು ತಿಳಿಯಲು ಎರಿಕ್ ಲಿಡೆಲ್ ಕಥೆ ಸಾಕು. ಸ್ಕಾಟ್ಲೆಂಡಿನ ಈ ಓಟಗಾರ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಭಾನುವಾರ ದೇವರ ದಿನ ಎಂದು ನೂರು ಮೀಟರ್ ಓಟವನ್ನೇ ಬಿಟ್ಟ. ಬದಲಿಗೆ 400 ಮೀಟರ್ ಓಡಿ, 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ. ಮರುವರ್ಷವೇ ಕೀರ್ತಿಯನ್ನೆಲ್ಲ ಬಿಟ್ಟು, ತಾನು ಹುಟ್ಟಿದ ಚೀನಾಕ್ಕೆ ಮಿಷನರಿಯಾಗಿ ಮರಳಿದ.

ಯುದ್ಧದ ಭಯ ಹೆಚ್ಚಿದಾಗ, 1941ರಲ್ಲಿ, ಗರ್ಭಿಣಿ ಹೆಂಡತಿ ಫ್ಲಾರೆನ್ಸ್‌ಳನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳಿಸಿದ. ಮೂರನೆಯ ಮಗಳ ಮುಖವನ್ನು ಅವನು ನೋಡಲೇ ಇಲ್ಲ. ಜಪಾನೀಯರ ಸೆರೆ ಶಿಬಿರದಲ್ಲಿ ಸಿಕ್ಕಿಬಿದ್ದ ಮಕ್ಕಳಿಗೆ ಪಾಠ ಹೇಳಿದ, ಆಟ ಆಡಿಸಿದ. ಭಾನುವಾರ ಒಲಿಂಪಿಕ್ಸ್‌ನಲ್ಲೇ ಓಡದವನು, ಶಿಬಿರದ ಹುಡುಗರು ಹಾಕಿಯಾಡುತ್ತಾ ಹೊಡೆದಾಡಿಕೊಂಡಾಗ, ಭಾನುವಾರವೇ ಸೀಟಿ ಹಿಡಿದು ರೆಫರಿಯಾಗಿ ನಿಂತನಂತೆ. ನೇಮಕ್ಕಿಂತ ಮಕ್ಕಳು ದೊಡ್ಡವರು ಎಂದು ಅವನಿಗೆ ಅನ್ನಿಸಿರಬೇಕು. ಚಳಿಯಲ್ಲಿ ನಡುಗುತ್ತಿದ್ದ ಹುಡುಗನೊಬ್ಬನಿಗೆ ತನ್ನ ಓಟದ ಬೂಟುಗಳನ್ನೇ ಕೊಟ್ಟ. ಕಾವಲಿನ ಜಪಾನೀಯರಿಗಾಗಿಯೂ ಪ್ರಾರ್ಥಿಸಬೇಕು ಎಂದು ಆ ಹುಡುಗನಿಗೆ ಕಲಿಸಿದವನೂ ಅವನೇ. 1945ರ ಫೆಬ್ರವರಿ 21ರಂದು ಮಿದುಳಿನ ಗಡ್ಡೆಯಿಂದ ತೀರಿಕೊಂಡಾಗ ಅವನಿಗೆ 43 ವರ್ಷ. ಬೂಟು ಪಡೆದ ಹುಡುಗ ಯುದ್ಧ ಮುಗಿದ ಮೇಲೆ ಜಪಾನಿಗೇ ಮಿಷನರಿಯಾಗಿ ಹೋದ.

ನಿಮ್ಮ ಊರಿಗೆ ತಂಡ ಬಂದರೆ?

ನಿಮ್ಮ ಧರ್ಮ ಯಾವುದೇ ಇರಲಿ, ಹೊರಗಿನಿಂದ ಬಂದವರ ಶಿಬಿರಕ್ಕೆ ಮಗುವನ್ನು ಕಳಿಸುವಾಗ ತಾಯಿ ನಾಲ್ಕು ಮಾತು ಕೇಳಿಯೇ ಕಳಿಸಬೇಕು. ಕರೆಸಿದವರು ಯಾರು? ಆಟದ ಜೊತೆ ಇನ್ನೇನು ಹೇಳಿಕೊಡುತ್ತಾರೆ? ಮಕ್ಕಳ ಜೊತೆ ಊರಿನ ಗೊತ್ತಿರುವ ಹೆಂಗಸರು ಇರುತ್ತಾರೆಯೇ? ತಂಡ ಹೋದ ಮೇಲೆ ಆಟ ಮುಂದುವರಿಸುವವರು ಯಾರು? ಪ್ರವಾಸಿ ವೀಸಾದಲ್ಲಿ ಬಂದ ವಿದೇಶೀಯರು ನಮ್ಮ ದೇಶದಲ್ಲಿ ಧರ್ಮಪ್ರಚಾರ ಮಾಡುವಂತಿಲ್ಲ ಎಂಬುದೂ ತಿಳಿದಿರಲಿ.

ಕ್ರೈಸ್ತ ಮನೆಯ ಸೋದರಿಯರೇ, ನಿಮ್ಮ ಮಗನೋ ಮಗಳೋ ಇಂಥ ತಂಡದಲ್ಲಿ ಹೊರಟರೆ ಸಂತೋಷವಾಗಿ ಹರಸಿ. ಜೊತೆಗೆ ಒಂದು ಮಾತನ್ನೂ ಕಟ್ಟಿಕೊಡಿ: “ಕಲಿಸುವುದಕ್ಕಿಂತ ಹೆಚ್ಚು ಕಲಿತುಕೊಂಡು ಬಾ. ಹೋದ ಊರಿಗೆ ಮತ್ತೆ ಕಾಗದ ಬರಿ.” ಪಂದ್ಯ ಗೆದ್ದವರು ಯಾರು ಎಂಬುದನ್ನು ಮಕ್ಕಳು ಮರೆಯುತ್ತಾರೆ. ಮತ್ತೆ ಬರುತ್ತೇನೆ ಎಂದು ಹೇಳಿ ಬಾರದೇ ಹೋದವರನ್ನು ಮಾತ್ರ ಮರೆಯುವುದಿಲ್ಲ.