ಕೆಳಮೆಟ್ಟಿಲಿನ ಸಿಪಾಯಿಗಳು

ನವರಾತ್ರಿಯ ಪಾಡ್ಯದಂದು ಮೈಸೂರಿನ ಮನೆಗಳಲ್ಲಿ ಗೊಂಬೆ ಕೂರಿಸುವಾಗ ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗಳಿಗೇ ಮೀಸಲು. ರಕ್ತಚಂದನದ ಈ ರಾಜ-ರಾಣಿ ಮದುವೆಯಲ್ಲಿ ತವರಿನಿಂದ ಬರುವ ಜೋಡಿ. ಬಂದವರ ಕಣ್ಣೆಲ್ಲ ಅವರ ಸೀರೆ, ಪೇಟ, ಒಡವೆಗಳ ಮೇಲೆ. ನಾನು ಹುಡುಕಿಕೊಂಡು ಹೋದದ್ದು ಕೆಳಮೆಟ್ಟಿಲಿನಲ್ಲಿ ಜಂಬೂಸವಾರಿಯ ಆನೆಗೆ ಕಾವಲಾಗಿ ಸಾಲುಗಟ್ಟುವ ಸಿಪಾಯಿಗಳನ್ನು.

ಅಗ್ರಹಾರದ ಹಳೇ ಮನೆಯೊಂದರ ಅಜ್ಜಿ ಟ್ರಂಕು ತೆಗೆದು, ಹತ್ತಿ ಸೀರೆಯ ತುಂಡುಗಳನ್ನು ಬಿಚ್ಚಿ ಒಬ್ಬೊಬ್ಬನನ್ನೇ ನೆಲದ ಮೇಲೆ ನಿಲ್ಲಿಸಿದರು. ಗೇಣುದ್ದವೂ ಇಲ್ಲದ ಮಣ್ಣಿನ ಆಳುಗಳು. ಕೆಂಪು ಕೋಟು, ಬಿಳಿ ಷರಾಯಿ, ಸೊಂಟಕ್ಕೆ ಹಳದಿ ಪಟ್ಟಿ. ಮೀಸೆಯನ್ನು ಒಂದೇ ಎಳೆತದಲ್ಲಿ ಬರೆದಿದ್ದಾರೆ. ಎಡಗಡೆ ಕಪ್ಪಗೆ ಶುರುವಾದ ಗೆರೆ ಬಲಗಡೆಗೆ ಬರುವಷ್ಟರಲ್ಲಿ ತೆಳುವಾಗಿದೆ. ಬಲಮುಷ್ಟಿಯಲ್ಲೊಂದು ತೂತು. ಅದಕ್ಕೆ ಸಿಗಿಸುವ ಬಿದಿರುಕಡ್ಡಿಯ ಈಟಿಗಳು ಬೇರೊಂದು ಡಬ್ಬಿಯಲ್ಲಿದ್ದವು.

"ಈಟಿ ಮುರಿದರೆ ಪೊರಕೆಕಡ್ಡಿ ಸಾಕು ಕಣಪ್ಪ. ಆಳೇ ಒಡೆದರೆ ಎಲ್ಲಿಂದ ತರೋದು?" ಎಂದರು ಅಜ್ಜಿ.

ಒಬ್ಬನ ಮೂಗಿನ ತುದಿ ಚಕ್ಕೆ ಎದ್ದಿತ್ತು. ಒಳಗೆ ಸುಟ್ಟ ಮಣ್ಣು, ಅದರ ಮೇಲೆ ಬಿಳಿ ಲೇಪ, ಆಮೇಲೆ ಬಣ್ಣ. ಎದೆ ಒಂದು ಅಚ್ಚು, ಬೆನ್ನು ಒಂದು ಅಚ್ಚು. ಒತ್ತಿ ತೆಗೆದು ಬೆಸೆದ ಗೆರೆ ಪಕ್ಕೆಯಲ್ಲಿ ಇನ್ನೂ ಕೈಗೆ ಸಿಗುತ್ತದೆ.

ಜಪಾನಿನಲ್ಲೂ ಮೇ 5ರಂದು ಗಂಡುಮಕ್ಕಳ ಹಬ್ಬಕ್ಕೆ ಯೋಧರ ಗೊಂಬೆ ಇಡುತ್ತಾರೆ. ಮಾರ್ಚ್ 3ರ ಹೆಣ್ಣುಮಕ್ಕಳ ಹಬ್ಬದಲ್ಲಿ ಮೆಟ್ಟಿಲ ತುದಿಗೆ ಚಕ್ರವರ್ತಿ ದಂಪತಿ. ಅಲ್ಲಿನ ಹಳೇ ಗೊಂಬೆಗಳ ಮುಖಕ್ಕೂ ಬಿಳಿ ಲೇಪವೇ ಆಧಾರ, ಅದು ಚಿಪ್ಪಿನ ಪುಡಿಯದು. ಆ ಯೋಧರನ್ನು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಮೈಸೂರಿಗೆ ಬಂದು ಮನೆಮನೆಯ ಹಬ್ಬವಾಯಿತು. 1912ರಲ್ಲಿ ಪೂರ್ಣಗೊಂಡ ಈಗಿನ ಅರಮನೆಯಲ್ಲಿ ಗೊಂಬೆಗಳಿಗೆಂದೇ ಗೊಂಬೆ ತೊಟ್ಟಿಯಿದೆ. ನಜರ್‌ಬಾದಿನಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನದ ‘ಬೊಂಬೆ ಮನೆ’ ಹೊಸ ಗೊಂಬೆಗಳನ್ನು ಊರಿಗೆ ತೋರಿಸುತ್ತ ಬಂದಿದೆ.

ಹೊಸದು ಸಿಗುತ್ತದೆ, ಹಳೆಯದನ್ನು ತಿದ್ದಿಕೊಡುವ ಕೈ ಸಿಗುವುದು ಕಷ್ಟ. ಊನವಾದ ಗೊಂಬೆಯನ್ನು ಕೂರಿಸಬಾರದೆಂಬ ನಂಬಿಕೆ ಬೇರೆ. ಹಾಗಾಗಿ ಮೂಗು ಹೋದವನು ಮೆಟ್ಟಿಲಿಂದ ಇಳಿದು ಅರಳಿಕಟ್ಟೆ ಸೇರುತ್ತಾನೆ. ಒಂದಿಷ್ಟು ಮಣ್ಣು, ಒಂದು ಹನಿ ಬಣ್ಣ ಸಾಕಿತ್ತು. ದಸರಾ ವಸ್ತುಪ್ರದರ್ಶನದಲ್ಲಿ ಗೊಂಬೆ ರಿಪೇರಿಗೆಂದು ಒಬ್ಬ ಕಲಾವಿದನಿಗೆ ಮಳಿಗೆ ಕೊಟ್ಟರೆ ಎಷ್ಟು ಟ್ರಂಕುಗಳಿಂದ ಎಷ್ಟು ದಂಡು ಹೊರಬರುತ್ತದೋ! ಅರಮನೆಯ ಗೊಂಬೆಗಳನ್ನು ಕಾಯಲು ಅರಮನೆಯಿದೆ. ಈ ಸಿಪಾಯಿಗಳಿಗೆ ಇರುವುದು ಅಜ್ಜಿಯಂಥವರು ಮಾತ್ರ, ಅವರ ಮಕ್ಕಳೋ ದೂರದ ಊರುಗಳಲ್ಲಿದ್ದಾರೆ.