ನಾಯಿ ಒಡೆಯನ ಸಾಮೀಪ್ಯವನ್ನು ಬಯಸುವುದೇಕೆ?

ಒಕ್ಕಲುತನದ ಮನೆಯಲ್ಲಿ ಎತ್ತು, ಎಮ್ಮೆ, ಕುರಿಗಳಿಗೆ ಇರುವಂತೆಯೇ ನಾಯಿಗೂ ಒಂದು ಸ್ಥಾನವಿದೆ. ಹೊಸಪೇಟೆ, ಕಮಲಾಪುರ, ಹಂಪಿಯ ಕಬ್ಬು ಮತ್ತು ಬಾಳೆ ತೋಟಗಳಲ್ಲಿ, ಕಂಪ್ಲಿಯ ಭತ್ತದ ಗದ್ದೆಗಳಲ್ಲಿ, ಸಂಡೂರಿನ ಗುಡ್ಡದಂಚಿನ ಜೋಳ, ಮೆಕ್ಕೆಜೋಳದ ಹೊಲಗಳಲ್ಲಿ ರಾತ್ರಿ ಕಾವಲಿಗೆ ರೈತನ ಜೊತೆಗಿರುವುದು ಬಹುಮಟ್ಟಿಗೆ ನಾಯಿಯೇ. ಆದರೆ ದನಕರುಗಳ ಮೇವು, ಆರೈಕೆಗಳ ಬಗ್ಗೆ ನಾವು ವಹಿಸುವ ಕಾಳಜಿಯಲ್ಲಿ ಅಲ್ಪ ಭಾಗವೂ ಅದಕ್ಕೆ ದೊರೆಯುವುದಿಲ್ಲ.

ಹೊಲದಿಂದ ಬಂದ ಒಡೆಯನ ಕಾಲಿಗೆ ಸುತ್ತಿಕೊಳ್ಳುವುದು, ಕೈ ನೆಕ್ಕುವುದು, ಮುಂಗಾಲಿನಿಂದ ಕೆರೆಯುವುದು, ಕುಳಿತಲ್ಲಿಗೆ ಬಂದು ಮೈಗೆ ಮೈ ತಾಗಿಸಿ ಮಲಗುವುದು, ಬಿಟ್ಟು ಹೋದರೆ ಊಳಿಡುವುದು - ನಾಯಿಯ ಈ ನಡವಳಿಕೆ ಎಲ್ಲರಿಗೂ ಪರಿಚಿತ. ಇದು ಕೇವಲ ಅನ್ನದ ಆಸೆಯೆಂದು ಹಲವರು ಭಾವಿಸುತ್ತಾರೆ. ಅತಿ ಸಲಿಗೆಯ ಫಲವೆಂದು ಇನ್ನು ಕೆಲವರು ಹೇಳುತ್ತಾರೆ. ಇವೆರಡೂ ಪೂರ್ಣ ಸತ್ಯವಲ್ಲ. ಒಡೆಯನ ಸಾಮೀಪ್ಯವು ನಾಯಿಗೆ ನೀರು, ಅನ್ನಗಳಂತೆಯೇ ಒಂದು ಅವಶ್ಯಕತೆ. ಇದನ್ನರಿತು ನಡೆದುಕೊಂಡರೆ ಬೆಳೆಯ ಕಾವಲು ಉತ್ತಮಗೊಳ್ಳುತ್ತದೆ. ಮನೆಮಂದಿಯ ಪ್ರಾಣರಕ್ಷಣೆಗೂ ಸಹಾಯವಾಗುತ್ತದೆ.

ಸಹವಾಸದ ಹಿನ್ನೆಲೆ

ನಾಯಿಯ ಪೂರ್ವಜ ತೋಳ. ಕನಿಷ್ಠ 15,000 ವರ್ಷಗಳ ಹಿಂದೆಯೇ, ಅಂದರೆ ಬೇಸಾಯ ಪ್ರಾರಂಭವಾಗುವುದಕ್ಕೂ ಮೊದಲೇ, ನಾಯಿ ಮಾನವನ ಸಹವಾಸಕ್ಕೆ ಬಂದಿತ್ತು. ಇದು ನಡೆದ ಬಗೆಯನ್ನು ಬೀಜದ ಆಯ್ಕೆಯ ಉದಾಹರಣೆಯಿಂದ ತಿಳಿಯಬಹುದು. ಕಾಡು ಭತ್ತದ ಕಾಳು ಮಾಗಿದೊಡನೆ ಉದುರಿ ಹೋಗುತ್ತದೆ. ಉದುರದೆ ತೆನೆಯಲ್ಲೇ ನಿಂತ ಕಾಳುಗಳನ್ನು ತಲೆತಲಾಂತರದಿಂದ ಆರಿಸಿ ಬಿತ್ತಿದ್ದರಿಂದ ಇಂದಿನ ಭತ್ತ ನಮಗೆ ದೊರೆಯಿತು. ಅದೇ ರೀತಿ ಮನುಷ್ಯನನ್ನು ಕಂಡು ಓಡಿಹೋದ ಪ್ರಾಣಿಗಳು ಕಾಡಿನಲ್ಲೇ ಉಳಿದವು. ಹತ್ತಿರ ಸುಳಿದವು, ಅವನ ಮುಖ ನೋಡಿದವು, ಅವನ ಮಾತಿಗೆ ಕಿವಿ ನಿಮಿರಿಸಿದವು ಅವನ ಆಶ್ರಯದಲ್ಲಿ ಬಾಳಿ ಮರಿ ಮಾಡಿದವು. ಹೀಗಾಗಿ ಮನುಷ್ಯನ ಸಾಮೀಪ್ಯವನ್ನು ಬಯಸುವ ಗುಣ ನಾಯಿಯ ವಂಶದಲ್ಲೇ ಬೆರೆತುಹೋಗಿದೆ.

ಈ ನಂಟಿಗೆ ನಮ್ಮ ನಾಡಿನಲ್ಲಿ ಕಲ್ಲಿನ ಸಾಕ್ಷಿಯೂ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ.ಶ. 949-50ರ ಶಾಸನದ ಪ್ರಕಾರ, ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನು ತನ್ನ ಒಡೆಯನಾದ ಗಂಗ ಅರಸ ಬೂತುಗನಿಂದ ಕಾಳಿ ಎಂಬ ನಾಯಿಯನ್ನು ಬಹುಮಾನವಾಗಿ ಕೇಳಿ ಪಡೆದನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು, ಎರಡೂ ಮಡಿದವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಡಲಾಯಿತು. ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿ ಇರಿಸಲಾಗಿದೆ.

ಸಾಮೀಪ್ಯ ಬಯಸಲು ಕಾರಣಗಳು

1. ಗುಂಪಿನ ಸ್ವಭಾವ: ನಾಯಿ ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. ಸಾಕಿದ ನಾಯಿಗೆ ಮನೆಯವರೇ ಅದರ ಗುಂಪು. ಗುಂಪಿನಿಂದ ದೂರವಾದರೆ ಅದಕ್ಕೆ ಭಯ ಸಹಜ. ಚಿರತೆಗೆ ನಾಯಿ ಸುಲಭದ ಆಹಾರ. ಆದುದರಿಂದ ಗುಡ್ಡದ ಸಮೀಪದ ಹಳ್ಳಿಗಳಲ್ಲಿ ಕತ್ತಲಾದೊಡನೆ ನಾಯಿ ಮನೆಯ ಬಾಗಿಲಿಗೆ ಅಂಟಿಕೊಂಡರೆ ಅದನ್ನು ಹೇಡಿತನವೆಂದು ತಿಳಿಯಬಾರದು.

2. ಎಳೆತನದ ನಂಟು: ಹುಟ್ಟಿದ 3ನೆಯ ವಾರದಿಂದ ಸುಮಾರು 12ನೆಯ ವಾರದವರೆಗಿನ ಅವಧಿ ಮರಿಯ ಜೀವನದಲ್ಲಿ ಮುಖ್ಯವಾದುದು. ಆಗ ಯಾರ ಸಹವಾಸ ದೊರೆಯುವುದೋ ಅವರನ್ನು ಅದು ತನ್ನವರೆಂದು ಗುರುತಿಸುತ್ತದೆ. ಗೊಬ್ಬರಕ್ಕಾಗಿ ಹೊಲಗಳಲ್ಲಿ ಕುರಿ ತರುಬಲು ಬರುವ ಕುರಿಗಾರರ ನಾಯಿಗಳನ್ನು ಗಮನಿಸಿರಿ. ಹಟ್ಟಿಯಲ್ಲಿ ಕುರಿಮರಿಗಳ ನಡುವೆ ಬೆಳೆದ ನಾಯಿ ಕುರಿಯನ್ನು ಕಚ್ಚದು, ಮಂದೆಯನ್ನು ಬಿಟ್ಟು ಕದಲದು.

3. ಶರೀರದ ಹಾರ್ಮೋನು: ಕರು ಬಾಯಿ ಹಾಕಿದಾಗ ಹಸುವಿನ ಕೆಚ್ಚಲಿನಲ್ಲಿ ಹಾಲು ಇಳಿಯಲು ಆಕ್ಸಿಟೋಸಿನ್ ಎಂಬ ಹಾರ್ಮೋನು ಕಾರಣ. ತಾಯಿ-ಮಗುವಿನ ಮಮತೆಯಲ್ಲೂ ಇದರ ಪಾತ್ರವಿದೆ. ನಾಯಿ ಮತ್ತು ಒಡೆಯ ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಇದೇ ಹಾರ್ಮೋನು ಹೆಚ್ಚುವುದೆಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಮನುಷ್ಯರು ಸಾಕಿದ ತೋಳಗಳಲ್ಲಿ ಈ ಪರಿಣಾಮ ಕಂಡುಬರಲಿಲ್ಲ.

4. ಅನ್ನಕ್ಕಿಂತ ಮಿಗಿಲಾದ ನಂಬಿಕೆ: ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೀದಿನಾಯಿಗಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಪರಿಚಿತರು ತಿಂಡಿ ಕೊಟ್ಟಾಗಲಿಗಿಂತ ತಲೆ ಸವರಿದಾಗ ನಾಯಿಗಳು ಅವರನ್ನು ಹೆಚ್ಚು ನಂಬಿದವು. ಅನ್ನದ ಆಸೆಯೊಂದೇ ಕಾರಣವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

5. ಕಲಿಕೆ: ನಾಯಿಗೆ ಒಡೆಯನ ಗಮನವೇ ಬಹುಮಾನ. ಸುಮ್ಮನೆ ಮಲಗಿದ್ದಾಗ ಯಾರೂ ನೋಡದೆ, ಮೈಮೇಲೆ ಹಾರಿದಾಗ ಮಾತ್ರ ಎಲ್ಲರೂ ನೋಡಿದರೆ ಅದು ಹಾರುವುದನ್ನೇ ಕಲಿಯುತ್ತದೆ. ಆಗ ಬೈದರೂ ಅದಕ್ಕೆ ಗಮನ ದೊರೆತಂತೆಯೇ ಆಗುತ್ತದೆ.

ಒಂದು ತಪ್ಪು ಕಲ್ಪನೆ

ಹೊಟ್ಟೆ ತುಂಬ ಹಾಕದೆ, ಯಾರೂ ಮುಟ್ಟದೆ, ತೋಟದ ಮೂಲೆಯಲ್ಲಿ ಒಂಟಿಯಾಗಿ ಕಟ್ಟಿದ ನಾಯಿ ಚೆನ್ನಾಗಿ ಕಾಯುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಇದು ಸರಿಯಲ್ಲ. ಬೊಗಳುವುದು ಮುಖ್ಯವಾಗಿ ಒಡೆಯನಿಗೆ ಕೊಡುವ ಕರೆ. ಒಂಟಿಯಾಗಿ ಬಿದ್ದ ನಾಯಿ ಗಾಳಿಗೆ ಅಲುಗುವ ಬಾಳೆ ಎಲೆಗೂ, ದಾರಿಹೋಕರಿಗೂ, ತನ್ನ ಬೇಸರಕ್ಕೂ ಬೊಗಳುತ್ತದೆ. ನಾಲ್ಕು ರಾತ್ರಿ ಎದ್ದು ನೋಡಿದ ರೈತ ಐದನೆಯ ರಾತ್ರಿ ಏಳುವುದಿಲ್ಲ. ಕಾಡುಹಂದಿ ಕಬ್ಬಿಗೆ ನುಗ್ಗುವುದು ಅಂತಹ ರಾತ್ರಿಯಲ್ಲೇ. ಒಡೆಯನೊಡನೆ ಒಡನಾಟವಿರುವ ನಾಯಿಯ ಬೊಗಳಿಕೆಯಲ್ಲಿನ ವ್ಯತ್ಯಾಸವನ್ನು ಒಡೆಯನು ಬಲ್ಲನು. ಒಡೆಯನ ಕರೆಯನ್ನು ನಾಯಿಯೂ ಬಲ್ಲುದು.

ಅನುಸರಿಸಬೇಕಾದ ಕ್ರಮಗಳು

1. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರ್ಪಡಿಸಬಾರದು. ಮನೆಗೆ ತಂದ ಮೇಲೆ ಮನೆಯವರೆಲ್ಲರೂ ಅದನ್ನು ಮೃದುವಾಗಿ ಮುಟ್ಟಿ ರೂಢಿ ಮಾಡಿಸಬೇಕು. ದನಕರು, ಕೋಳಿ, ಪಂಪ್‌ಸೆಟ್ಟಿನ ಶಬ್ದಗಳ ಪರಿಚಯವೂ ಆಗಲೇ ಆಗಬೇಕು.

2. ಬೆಳೆಗೆ ನೀರನ್ನು ಕ್ರಮವಾಗಿ ಕೊಡುವಂತೆ ನಾಯಿಗೆ ಗಮನವನ್ನೂ ಕ್ರಮವಾಗಿ ಕೊಡಬೇಕು. ಬೆಳಿಗ್ಗೆ ಮತ್ತು ಸಂಜೆ ಕಾಲು ಗಂಟೆಯಷ್ಟು ಕಾಲ ಹೆಸರು ಹಿಡಿದು ಕರೆಯುವುದು, ಮೈ ಸವರುವುದು, ಬದುವಿನ ಮೇಲೆ ಜೊತೆಗೆ ಅಡ್ಡಾಡಿಸುವುದು ಸಾಕಾಗುತ್ತದೆ. ಮೈ ಸವರುವಾಗ ಉಣ್ಣೆ, ಗಾಯಗಳಿದ್ದರೆ ತಿಳಿದುಬರುತ್ತದೆ.

3. ಮೈಮೇಲೆ ಹಾರಿದರೆ ಹೊಡೆಯದೆ, ಬೈಯದೆ ಮುಖ ತಿರುಗಿಸಿ ನಿಲ್ಲಬೇಕು. ನಾಲ್ಕು ಕಾಲೂ ನೆಲದ ಮೇಲಿದ್ದಾಗ ಮಾತ್ರ ಮಾತನಾಡಿಸಬೇಕು. ಮನೆಯವರೆಲ್ಲರೂ ಒಂದೇ ಕ್ರಮ ಅನುಸರಿಸಿದರೆ ಮಾತ್ರ ಫಲ ದೊರೆಯುವುದು.

4. ರಾತ್ರಿ ಬೊಗಳಿದಾಗ ಬ್ಯಾಟರಿ ಹಿಡಿದು ನೋಡಬೇಕು. ಕಾರಣ ನಿಜವಿದ್ದರೆ ನಾಯಿಯನ್ನು ಕರೆದು ಬೆನ್ನು ತಟ್ಟಬೇಕು.

5. ಚಿರತೆಯ ಓಡಾಟವಿರುವ ಕಡೆ ರಾತ್ರಿ ನಾಯಿಯನ್ನು ಬಯಲಿನಲ್ಲಿ ಸರಪಳಿಯಿಂದ ಕಟ್ಟಬಾರದು. ಕಟ್ಟಿದ ನಾಯಿ ಚಿರತೆಯನ್ನು ಮನೆಯ ಅಂಗಳಕ್ಕೇ ಕರೆತಂದಂತಾಗುತ್ತದೆ. ಭದ್ರವಾದ ಬಾಗಿಲುಳ್ಳ ಕೊಟ್ಟಿಗೆ ಅಥವಾ ಪಡಸಾಲೆ ಸೂಕ್ತ.

6. ದರೋಜಿ ಕರಡಿಧಾಮ 1994ರಲ್ಲಿ ಸ್ಥಾಪನೆಯಾಯಿತು. ಅದರ ಸುತ್ತಮುತ್ತಲಿನ ಹಾಗೂ ಸಂಡೂರು ಗುಡ್ಡಗಳ ಅಂಚಿನ ರೈತರು ಒಂದು ವಿಷಯವನ್ನು ನೆನಪಿಡಬೇಕು. ಪೊದೆಯಲ್ಲಿ ಕರಡಿಯನ್ನು ಕೆಣಕಿದ ನಾಯಿ ರಕ್ಷಣೆಗಾಗಿ ಓಡಿಬರುವುದು ಒಡೆಯನ ಬಳಿಗೆ. ಅದರ ಹಿಂದೆ ಕರಡಿಯೂ ಬರಬಹುದು. ಆದುದರಿಂದ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಗುಡ್ಡದಂಚಿಗೆ ಹೋಗುವಾಗ ನಾಯಿಯನ್ನು ಬಿಟ್ಟುಕೊಂಡು ಹೋಗಬಾರದು.

7. ಕುರಿ ಕೊಯ್ದಾಗ ನೀರುಗುಳ್ಳೆಗಳಿರುವ ಹಸಿ ಯಕೃತ್ತು, ಶ್ವಾಸಕೋಶಗಳನ್ನು ನಾಯಿಗೆ ಹಾಕಬಾರದು. ಇದರಿಂದ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆಗಳು ನಾಯಿಯನ್ನು ಮುಟ್ಟಿದ ಕೈಯ ಮೂಲಕ ಮನುಷ್ಯನ ಹೊಟ್ಟೆ ಸೇರುತ್ತವೆ. ಪಶುವೈದ್ಯರ ಸಲಹೆಯಂತೆ ಜಂತುನಾಶಕ ಕೊಡಿಸಬೇಕು. ನಾಯಿಯನ್ನು ಸವರಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ನಡವಳಿಕೆ ಬದಲಾದರೆ ಎಚ್ಚರ

ಪ್ರತಿದಿನ ನಾಯಿಯೊಡನೆ ಒಡನಾಡುವುದರಿಂದ ಆಗುವ ಅತಿ ದೊಡ್ಡ ಪ್ರಯೋಜನವೆಂದರೆ, ಅದರ ಸಹಜ ನಡವಳಿಕೆ ಯಾವುದೆಂದು ಮನೆಯವರಿಗೆ ತಿಳಿದಿರುತ್ತದೆ. ಹತ್ತಿರ ಬರುತ್ತಿದ್ದ ನಾಯಿ ಕತ್ತಲೆಯ ಮೂಲೆ ಸೇರಿದರೆ ಜ್ವರ, ನೋವು ಅಥವಾ ವಿಷಪ್ರಾಶನವಿರಬಹುದು. ಹುಚ್ಚುನಾಯಿ ರೋಗವೂ (ರೇಬೀಸ್) ಇರಬಹುದು. ದೂರವಿರುತ್ತಿದ್ದ ನಾಯಿ ಏಕಾಏಕಿ ಅತಿಯಾಗಿ ಅಂಟಿಕೊಂಡು ಕೈಕಾಲು ನೆಕ್ಕತೊಡಗುವುದೂ ಈ ರೋಗದ ಪ್ರಾರಂಭದಲ್ಲಿ ಕಂಡುಬರಬಹುದು. ಅದನ್ನು ಪ್ರೀತಿಯೆಂದು ತಿಳಿದು ಮಕ್ಕಳನ್ನು ಬಿಡಬಾರದು. ರೋಗದ ವಿಷಾಣು ಜೊಲ್ಲಿನಲ್ಲಿರುತ್ತದೆ. ಕಚ್ಚದಿದ್ದರೂ, ಗಾಯ ಅಥವಾ ತರಚಿದ ಜಾಗವನ್ನು ನೆಕ್ಕಿದರೆ ರೋಗ ತಗಲಬಹುದು. ಇಂತಹ ನಾಯಿಯನ್ನು ಮುಟ್ಟದೆ, ಸಾಧ್ಯವಾದರೆ ಕೊಟ್ಟಿಗೆಯ ಬಾಗಿಲು ಹಾಕಿ ಪ್ರತ್ಯೇಕಿಸಿ, ಪಶುವೈದ್ಯರಿಗೆ ತಿಳಿಸಬೇಕು. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕುವುದು ಅಪಾಯಕರ.

ನಾಯಿ ಕಚ್ಚಿದಾಗ, ಪರಚಿದಾಗ ಇಲ್ಲವೆ ಗಾಯವನ್ನು ನೆಕ್ಕಿದಾಗ ಆ ಜಾಗವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆಯಬೇಕು. ಖಾರದ ಪುಡಿ, ಅರಿಶಿಣ, ಸುಣ್ಣ, ಸೊಪ್ಪಿನ ರಸ ಯಾವುದನ್ನೂ ಹಚ್ಚಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ವೈದ್ಯರು ತಿಳಿಸಿದ ಎಲ್ಲ ದಿನಗಳಂದೂ ಚುಚ್ಚುಮದ್ದು ಪಡೆಯಬೇಕು. ನಡುವೆ ನಿಲ್ಲಿಸಬಾರದು. ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯನನ್ನು ಉಳಿಸುವುದು ಅಸಾಧ್ಯವೆಂದೇ ಹೇಳಬೇಕು. ಆದರೆ ಮುಂಚಿತವಾಗಿ ತಡೆಯುವುದು ಸುಲಭ. ಮರಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಿ, ನಂತರ ಪಶುವೈದ್ಯರು ತಿಳಿಸಿದಂತೆ ಪ್ರತಿ ವರ್ಷ ತಪ್ಪದೆ ಹಾಕಿಸಬೇಕು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ದಿನವನ್ನು ಗುರುತಿಟ್ಟುಕೊಂಡರೆ ಮರೆಯುವ ಸಂಭವವಿಲ್ಲ.

ಒಟ್ಟಿನಲ್ಲಿ, ಬೀಜ, ಗೊಬ್ಬರಗಳಂತೆ ನಾಯಿಯ ಒಡನಾಟಕ್ಕೆ ಹಣ ಬೇಕಿಲ್ಲ. ದಿನಕ್ಕೆ ಅರ್ಧ ಗಂಟೆ ಸಾಕು. ನಿಯಮಿತವಾದ ಗಮನ, ನೆರಳು, ನೀರು ಮತ್ತು ವರ್ಷಕ್ಕೊಮ್ಮೆ ಲಸಿಕೆ - ಇವಿಷ್ಟನ್ನು ಪಡೆದ ನಾಯಿ ರೈತನ ಬೆಳೆಗೂ ಮನೆಗೂ ನಂಬಿಕೆಯ ಕಾವಲಾಗುವುದರಲ್ಲಿ ಸಂದೇಹವಿಲ್ಲ.